ಹೆಣದ ಮುಂದೆ ನಿಂತು ನೋಡುವ ರಸಿಕರಿಗೊಂದು ಕೈಪಿಡಿ

ಪುಣೆ–ಬೆಂಗಳೂರು ಹೆದ್ದಾರಿ ನಿಪ್ಪಾಣಿ ದಾಟಿ ಸ್ತವನಿಧಿ ಘಾಟಿನತ್ತ ಹೊರಳುವಲ್ಲಿ, ರಾತ್ರಿ ಲಾರಿಗೆ ಸಿಕ್ಕ ನಾಯಿಯೋ ಮುಂಗುಸಿಯೋ ಬೆಳಗ್ಗೆ ರಸ್ತೆಯಂಚಿಗೆ ಬಿದ್ದಿರುವುದುಂಟು. ಹೋಗುವವರು ಮೂಗು ಮುಚ್ಚಿಕೊಂಡು ದಾಟುತ್ತಾರೆ. ರಸಿಕ ಮಾತ್ರ ಡಾಂಬರು ಬಿಟ್ಟು ಕೆಳಗಿಳಿದು, ಗಾಳಿ ಬೀಸಿ ಬರುವ ಕಡೆಗೆ ನಿಂತರೆ ಸಾಕು. ಮೂಗಿಗೆ ಬಿಡುವು, ಕಣ್ಣಿಗೆ ಕೆಲಸ.

ಬೇಗ ಬಂದು ಸೇರುವವರಲ್ಲಿ ಕ್ರೈಸೊಮಯ ಮೆಗಾಸೆಫಾಲ ಎಂಬ ನೊಣವೊಂದು. ನೀಲಿ-ಹಸಿರಾಗಿ ಮಿರುಗುವ ಮೈ, ದೊಡ್ಡ ಕೆಂಪು ಕಣ್ಣು. ಗಂಡಿನ ಕಣ್ಣುಗಳು ನೆತ್ತಿಯಲ್ಲಿ ಒಂದಕ್ಕೊಂದು ತಾಗಿರುತ್ತವೆ, ಹೆಣ್ಣಿನವುಗಳ ನಡುವೆ ಜಾಗ ಇರುತ್ತದೆ. ಈ ಗುರುತು ಹಿಡಿದ ಮೇಲೆ ಹೆಣ್ಣನ್ನೇ ಹಿಂಬಾಲಿಸಬೇಕು. ಅದು ಹೆಣದ ಮೂಗಿನ ಹೊಳ್ಳೆ, ಕಣ್ಣಿನ ಮೂಲೆ, ಗಾಯದ ಬಾಯಿ ಹುಡುಕಿ ಮೊಟ್ಟೆಯ ಗೊಂಚಲು ಇಡುತ್ತದೆ.

ನಮ್ಮ ಸೆಕೆಗೆ ಮೊಟ್ಟೆ ಒಡೆಯಲು ಒಂದು ದಿನ ಸಾಕು. ನಿಜವಾದ ಕಸುಬು ಶುರುವಾಗುವುದು ಆಗ. ಹುಳುವಿಗೆ ಹಲ್ಲಿಲ್ಲ, ಚೂಪಾದ ಮುಂತುದಿಯಲ್ಲಿ ಎರಡು ಕೊಕ್ಕೆ. ಅವುಗಳಿಂದ ಕೆರೆದು, ರಸ ಸುರಿಸಿ, ಮಾಂಸ ಕರಗಿಸಿ ಹೀರುತ್ತದೆ. ಉಸಿರಾಟದ ಮುಖ್ಯ ರಂಧ್ರಗಳಿರುವುದು ಹಿಂತುದಿಯಲ್ಲಿ! ಹಾಗಾಗಿ ತಲೆ ಹುದುಗಿಸಿಕೊಂಡೇ ತಿನ್ನಬಹುದು, ಬಾಲದಲ್ಲೇ ಉಸಿರಾಡಬಹುದು. ನೂರಾರು ಹುಳು ಒತ್ತಾಗಿ ಸೇರಿದರೆ ಆ ರಾಶಿಯೇ ಸುತ್ತಲ ಗಾಳಿಗಿಂತ ಬಿಸಿಯಾಗುತ್ತದೆ.

ಇದೇ ರಾಗವನ್ನು ಬೇರೊಂದು ಘರಾಣೆಯಲ್ಲಿ ಕೇಳಬೇಕೆಂದರೆ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪಕ್ಕೆ ಹೋಗಬೇಕು. ಅಲ್ಲಿನ ಟ್ಯಾಸ್ಮೇನಿಯನ್ ಡೆವಿಲ್, ಹೊಟ್ಟೆಚೀಲದ ಪ್ರಾಣಿ. ಕಾಂಗರೂವಿನ ದೂರದ ನೆಂಟ, ಆದರೆ ಮಾಂಸಾಹಾರಿ. ಕರಗಿಸುವ ತಾಳ್ಮೆ ಇದಕ್ಕಿಲ್ಲ. ದವಡೆಯ ಬಲದಿಂದ ಎಲುಬು, ತುಪ್ಪಳ ಎಲ್ಲವನ್ನೂ ಕಟಕಟ ಅಗಿದು, ಮೈತೂಕದ 40 ಪ್ರತಿಶತದಷ್ಟನ್ನು ಅರ್ಧ ಗಂಟೆಯಲ್ಲಿ ನುಂಗಬಲ್ಲದು. ನೊಣ ಮೊಟ್ಟೆಯಿಟ್ಟು ಹಾರಿಹೋದರೆ, ಡೆವಿಲ್ ತಾಯಿ ಇಪ್ಪತ್ತಕ್ಕೂ ಹೆಚ್ಚು ಮರಿ ಹೆರುತ್ತದೆ. ಚೀಲದಲ್ಲಿರುವುದು ನಾಲ್ಕೇ ಮೊಲೆ. ಮೊಲೆ ಸಿಗದ ಮರಿಗೆ ಬದುಕಿಲ್ಲ.

ಹೆಣದ ಸುತ್ತ ಡೆವಿಲ್‌ಗಳು ಕಿರುಚಿ ಕಚ್ಚಾಡುವುದನ್ನು ಸೊಗಸು ಎನ್ನುವವರಿದ್ದಾರೆ. ಆ ಕಚ್ಚಾಟ ದುಬಾರಿಯೂ ಹೌದು. 1996ರಲ್ಲಿ ಮೊದಲು ಕಂಡ ಮುಖದ ಗೆಡ್ಡೆಯ ಕ್ಯಾನ್ಸರ್ ಹರಡುವುದು ಕಚ್ಚುವುದರಿಂದಲೇ. ಹೆದ್ದಾರಿಯ ಹೆಣ ತಿನ್ನಲು ಬಂದು ತಾನೇ ವಾಹನಕ್ಕೆ ಸಿಕ್ಕುವುದು ಇನ್ನೊಂದು ಕಂಟಕ.

ಕುಶಲತೆಯಲ್ಲಿ ಮೇಲುಗೈ ನೊಣದ್ದೇ ಎಂದರೆ ಡೆವಿಲ್ ಅಭಿಮಾನಿಗಳು ಮುನಿಯಬಹುದು. ಆದರೆ ನಿಪ್ಪಾಣಿಯಲ್ಲಿ ಕೆಲವು ದಿನ ಬಿಟ್ಟು ಅದೇ ಜಾಗಕ್ಕೆ ಹೋದರೆ ನೊಣದ ಮಿತಿಯೂ ಕಾಣುತ್ತದೆ. ಉಂಡು ಕೊಬ್ಬಿದ ಹುಳುಗಳು ಕೋಶ ಕಟ್ಟಲು ಮಣ್ಣಿಗಿಳಿದಿರುತ್ತವೆ. ಎಲುಬು ಮಾತ್ರ ಅಲ್ಲೇ, ಬೀದಿನಾಯಿ ಎಳೆದೊಯ್ಯುವವರೆಗೆ.