ಗೃಹಭಂಗದ ಮಗು

ನಮ್ಮ ಕಥೆ ಕಾದಂಬರಿಗಳಲ್ಲಿ ಮಗುವಿಗೆ ಕೇಡು ಬಗೆಯುವವರು ಬಹುಮಟ್ಟಿಗೆ ಮಲತಾಯಿ, ದಾಯಾದಿ ಇಲ್ಲವೇ ಸಾಲ ಕೊಟ್ಟ ಸಾಹುಕಾರ. ಹೆತ್ತವರೇ ಆ ಕೇಡಿಗೆ ಮೂಲವೆಂದು ತೋರಿಸಲು ಲೇಖಕನಿಗೆ ಎದೆಗಾರಿಕೆ ಬೇಕು. ಎಸ್. ಎಲ್. ಭೈರಪ್ಪನವರು 1970ರಲ್ಲಿ ಪ್ರಕಟಿಸಿದ 'ಗೃಹಭಂಗ' ಅಂಥ ಕೃತಿ.

ರಾಮಸಂದ್ರದ ಶ್ಯಾನುಭೋಗ ಚೆನ್ನಿಗರಾಯನಿಗೆ ಲೆಕ್ಕ ಬರೆಯಲು ಬಾರದು, ಉಣ್ಣುವುದೊಂದು ಬಲ್ಲ. ಹೆಂಡತಿ ನಂಜಮ್ಮ ಅವನ ಲೆಕ್ಕ ಬರೆದು, ಎಲೆ ಹಚ್ಚಿ ಸಂಸಾರ ತೂಗಿಸುತ್ತಾಳೆ. ಮೂವರು ಮಕ್ಕಳಲ್ಲಿ ಪಾರ್ವತಿ, ರಾಮಣ್ಣ ಇಬ್ಬರನ್ನೂ, ಮುಂದೆ ತಾಯಿಯನ್ನೂ ಪ್ಲೇಗು ಒಯ್ಯುತ್ತದೆ. ಉಳಿಯುವವನು ಕಿರಿಯ ಮಗ ವಿಶ್ವ. ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು ಸ್ವತಃ ಭೈರಪ್ಪನವರು. ಆದುದರಿಂದ ಇದನ್ನು ಪ್ಲೇಗಿನ ದುರಂತವೆಂದು ಓದುವ ರೂಢಿ ಬೆಳೆದಿದೆ. ಈ ಓದು ಸಾಲದೆಂಬುದು ನನ್ನ ಅಭಿಪ್ರಾಯ.

ಪ್ಲೇಗು ಮನೆಯನ್ನು ಬರಿದು ಮಾಡಿತು, ನಿಜ. ಆದರೆ ಮನೆ ಒಡೆದದ್ದು ಅದಕ್ಕೂ ಮೊದಲೇ. ಕಾದಂಬರಿಯ ಮೊದಲ ಪುಟಗಳಲ್ಲಿಯೇ ಗಂಗಮ್ಮ ತನ್ನ ಮಕ್ಕಳನ್ನು ಬೈಗುಳದಲ್ಲಿ ಬೆಳೆಸುತ್ತಾಳೆ. ಮಕ್ಕಳೂ ಅದೇ ಮಾತನ್ನು ಅವಳಿಗೆ ಹಿಂದಿರುಗಿಸುತ್ತಾರೆ. ಆ ಮನೆಯಲ್ಲಿ ಅನ್ನವಿತ್ತು, ಅಕ್ಕರೆಯಿರಲಿಲ್ಲ. ಅಕ್ಕರೆ ಕಾಣದ ಹುಡುಗ ತಂದೆಯಾದಾಗ ಅವನಿಗೆ ತನ್ನ ಹೊಟ್ಟೆಯ ಹೊರತು ಬೇರಾವ ಬಂಧುವೂ ಇಲ್ಲ. ಕಾಗೆ ಕೋಳಿಗಳಿಗೂ ಇರುವ ಬಳಗದ ನೆನಪನ್ನು ಬಸವಣ್ಣನವರು ಮನುಷ್ಯನ ಮುಂದೆ ಅಳತೆಗೋಲಾಗಿ ಇಟ್ಟರು. ಚೆನ್ನಿಗರಾಯ ಆ ಅಳತೆಗೂ ನಿಲುಕದವನು. ಹಸಿವು ದೇಹಧರ್ಮ, ಮಕ್ಕಳ ಮುಖ ನೋಡದೆ ಉಣ್ಣುವುದು ಆಸೆ. ಈ ಎರಡರ ಅಂತರವನ್ನು ಭೈರಪ್ಪನವರು ಉಪದೇಶವಿಲ್ಲದೆ, ಊಟದ ಎಲೆಯ ಮುಂದೆಯೇ ತೋರಿಸುತ್ತಾರೆ.

ಗಂಗಮ್ಮನನ್ನು ಹೊಣೆ ಮಾಡಿದರೆ ಚೆನ್ನಿಗರಾಯ ಪಾರಾಗುವುದಿಲ್ಲವೆ ಎಂದು ಕೇಳಬಹುದು. ಪಾರಾಗುವುದಿಲ್ಲ. ಕಾರಣ ತಿಳಿಯುವುದು ಬೇರೆ, ಕ್ಷಮೆ ಬೇರೆ. ನಂಜಮ್ಮನ ತವರಿನಲ್ಲಿಯೂ ವಾತ್ಸಲ್ಯಕ್ಕಿಂತ ದರ್ಪವೇ ಹೆಚ್ಚು. ಆದರೂ ಅವಳು ತಾನುಂಡ ಕಹಿಯನ್ನು ಮಕ್ಕಳಿಗೆ ಬಡಿಸಲಿಲ್ಲ. ಹೀಗೆ ಕಾದಂಬರಿಯೇ ಚೆನ್ನಿಗರಾಯನ ವಿರುದ್ಧ ಸಾಕ್ಷಿ ನುಡಿಯುತ್ತದೆ.

ಕೊನೆಗೆ ವಿಶ್ವನ ಕೈಹಿಡಿಯುವವರು ಭಿಕ್ಷೆಯಿಂದ ಬದುಕುವ ಮಹಾದೇವಯ್ಯನವರು. ರಕ್ತಸಂಬಂಧಿಗಳಿದ್ದೂ ಹುಡುಗ ಅವರೊಡನೆ ಊರು ಬಿಡುತ್ತಾನೆ. ಜಂಗಮ ಮೂರ್ತಿಯೊಂದು ಇಷ್ಟು ಗೌರವದಿಂದ ಚಿತ್ರಿತವಾಯಿತೆಂದು ನಾವು ಹಿಗ್ಗುವುದು ಸಹಜ. ಹಿಗ್ಗಿ ಸುಮ್ಮನಾದರೆ ಕೃತಿಗೆ ಅನ್ಯಾಯವಾದೀತು. ಏನೂ ಕೂಡಿಡದವನು ಮಗುವಿಗೆ ಆಸರೆಯಾದ, ಮನೆಯುಳ್ಳವರು ಆಗಲಿಲ್ಲ. ಇದು ಜಂಗಮನ ಹಿರಿಮೆಯಷ್ಟೇ ಮನೆವಂದಿಗರ ಸೋಲೂ ಹೌದು.

ಒಂದು ಕೊರತೆಯನ್ನೂ ಹೇಳಬೇಕು. ವಿಶ್ವನ ಒಳಗು ನಮಗೆ ಸಾಕಷ್ಟು ತೆರೆದುಕೊಳ್ಳುವುದಿಲ್ಲ. ಅವನ ಮೇಲೆ ಬಿದ್ದ ಏಟುಗಳು ಕಾಣುತ್ತವೆ. ಅವು ಒಳಗೆ ಉಳಿಸಿದ ಗಾಯವನ್ನು ನಾವೇ ಊಹಿಸಬೇಕು. ನಂಜಮ್ಮನ ತೇಜಸ್ಸು ಕಾದಂಬರಿಯನ್ನು ಆವರಿಸಿದ್ದರಿಂದ ಹೀಗಾಯಿತೇನೋ.

ಕುರ್ಡಿಯಂಥ ಊರಿನಲ್ಲಿ ಪಾಠ ಹೇಳಿದವನಿಗೆ ಈ ಮೌನ ಹೊಸದಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಹಾಜರಿ ಕರೆದರೆ ಉತ್ತರ ಬಾರದ ಹೆಸರುಗಳು ಹಲವು. ಅವುಗಳಲ್ಲಿ ಕೆಲವು ಬಡತನದವು, ಅವರ ತಾಯಿತಂದೆಯರನ್ನು ನಿಂದಿಸಲಾಗದು. ಕೆಲವು ಮಾತ್ರ ಮನೆಯಲ್ಲಿ ಕಾಳಿದ್ದೂ ಕೂಲಿಗೆ ಹೋದ ಮಕ್ಕಳವು. ಈ ಭೇದವನ್ನು ಗುರುತಿಸಲು 'ಗೃಹಭಂಗ' ಕಣ್ಣು ಕೊಡುತ್ತದೆ. ಭಕ್ತರೂ ವಿದ್ಯಾರ್ಥಿಗಳೂ ಅದನ್ನು ಮತ್ತೊಮ್ಮೆ ಓದಬೇಕು. ಈ ಸಲ ನಂಜಮ್ಮನಿಗಾಗಿ ಅಲ್ಲ, ವಿಶ್ವನಿಗಾಗಿ.