ಉತ್ತರ ಕೊಟ್ಟವರ ಕೈಗೆ ಬಾರದ ಸಂಶೋಧನೆ

ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನಾ ಪ್ರಬಂಧಗಳ ಶೀರ್ಷಿಕೆಗೆ ಸಾಮಾನ್ಯವಾಗಿ ಒಂದು ಬಾಲವಿರುತ್ತದೆ. 'ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲೂಕುಗಳನ್ನು ವಿಶೇಷವಾಗಿ ಅನುಲಕ್ಷಿಸಿ' ಎಂಬಂಥ ಬಾಲ. ಅದಕ್ಕೆ ತಲೆ ಯಾವುದು ಬೇಕಾದರೂ ಆಗಬಹುದು. ಮೊಬೈಲ್ ಬ್ಯಾಂಕಿಂಗ್, ಕಾಲೇಜು ಗ್ರಂಥಾಲಯಗಳಲ್ಲಿ ಇ-ಪುಸ್ತಕದ ಬಳಕೆ, ಸ್ಮಾರ್ಟ್ ಕ್ಲಾಸ್, ಸ್ವಸಹಾಯ ಸಂಘಗಳ ಉಳಿತಾಯ. ಮಾಹಿತಿ ವಿಜ್ಞಾನ, ತಂತ್ರಜ್ಞಾನ, ಶಿಕ್ಷಣ, ಹಣಕಾಸು ಎಲ್ಲವೂ ಒಂದೇ ಸಂಚಿಕೆಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವ 'ಅಂತರರಾಷ್ಟ್ರೀಯ' ನಿಯತಕಾಲಿಕಗಳು ನಮ್ಮಲ್ಲಿ ಹೇರಳವಾಗಿವೆ. ಒಂದು ಶಿಸ್ತು ಇನ್ನೊಂದು ಶಿಸ್ತಿನೊಡನೆ ಮಾತಾಡಲಿ ಎಂಬ ಆಸೆಯಿಂದ ಹೀಗೆ ಸೇರಿಸಿದ್ದರೆ ನಾವು ಸಂತೋಷಪಡುತ್ತಿದ್ದೆವು. ಆದರೆ ಬಸ್ ನಿಲ್ದಾಣದ ಬೆಂಚಿನಲ್ಲಿ ಒಟ್ಟಿಗೆ ಕೂತ ಪ್ರಯಾಣಿಕರಂತೆ ಈ ಲೇಖನಗಳು ಒಂದನ್ನೊಂದು ಮಾತಾಡಿಸುವುದೇ ಇಲ್ಲ.

ಇವುಗಳ ಮೈಕಟ್ಟು ಒಂದೇ. ಪೀಠಿಕೆ, ಉದ್ದೇಶಗಳು, ಪ್ರಾಕ್ಕಲ್ಪನೆ, ನೂರೋ ನೂರೈವತ್ತೋ ಮಂದಿಯ ಸ್ಯಾಂಪಲ್, ಐದು ಮನೆಗಳ ಕೋಷ್ಟಕ, ಕೈ-ಸ್ಕ್ವೇರ್ ಪರೀಕ್ಷೆ, ಕೊನೆಗೆ 'ಸರ್ಕಾರ ಜಾಗೃತಿ ಮೂಡಿಸಬೇಕು' ಎಂಬ ಸಲಹೆ. ಕೋಷ್ಟಕದ ಐದು ಮನೆಗಳೆಂದರೆ ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸುತರಾಂ ಒಪ್ಪುವುದಿಲ್ಲ. ಮದ್ದೂರು ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸಿನ ಮುಂದೆ ನಿಂತು 'ಬ್ಯಾಂಕಿನ ಸೇವೆ ನಿಮಗೆ ತೃಪ್ತಿಕರವೇ' ಎಂದು ಕೇಳಿ ನೋಡಿ. 'ಏನೋ ಒಂದ್ ನಡೀತದೆ ಬುಡಪ್ಪ' ಎನ್ನುತ್ತಾಳೆ. ಈ ಮಾತಿನಲ್ಲಿ ಮೂರು ಸಲ ಅಲೆದಾಡಿಸಿದ ಗುಮಾಸ್ತನಿದ್ದಾನೆ, ಅಡವಿಟ್ಟ ಓಲೆಯಿದೆ, ಕೇಳುತ್ತಿರುವ ಹುಡುಗನಿಂದ ಏನೂ ಆಗದು ಎಂಬ ಅರಿವೂ ಇದೆ. ಸಂಶೋಧಕ ಅದನ್ನು ಯಾವ ಮನೆಯಲ್ಲಿ ಗುರುತು ಹಾಕುತ್ತಾನೆ? 'ತಟಸ್ಥ' ಎಂಬಲ್ಲಿ. ಶೇಕಡಾವಾರು ಲೆಕ್ಕ ಅಲ್ಲಿಂದಲೇ ಶುರು. ಬೆಸಗರಹಳ್ಳಿ ರಾಮಣ್ಣನವರು ಇದೇ ಸೀಮೆಯ ಡಾಕ್ಟರು, ಕತೆಗಾರರು. ಅವರ ಕತೆಗಳಲ್ಲಿ ಕೋಷ್ಟಕಗಳಿಲ್ಲ, ಆದರೆ ಈ ಮಾತನ್ನು ಅವರು ಖಂಡಿತ ತಟಸ್ಥ ಎಂದು ಬರೆದುಕೊಳ್ಳುತ್ತಿರಲಿಲ್ಲ.

ಮೂರು ತಾಲೂಕುಗಳನ್ನು ಯಾಕೆ ಆರಿಸಿಕೊಂಡಿರಿ ಎಂಬುದಕ್ಕೂ ಈ ಲೇಖನಗಳಲ್ಲಿ ಸರಿಯಾದ ಉತ್ತರ ಸಿಗುವುದು ಅಪರೂಪ. ಅವು ಒಂದೇ ಜಿಲ್ಲೆಯಲ್ಲಿವೆ ಎಂಬುದನ್ನು ಬಿಟ್ಟರೆ ಒಂದೇ ಥರದವಲ್ಲ. ಮಂಡ್ಯ ಬೆಳೆದದ್ದು ಕೃಷ್ಣರಾಜಸಾಗರದ ನಾಲೆಯಿಂದ, 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯಿಂದ. ಜಿಲ್ಲೆಯೇ ಆದದ್ದು 1939ರಲ್ಲಿ. ಮದ್ದೂರಿಗೆ ಶಿಂಷಾ ನದಿಯಿದೆ, ಬೆಂಗಳೂರು-ಮೈಸೂರು ರಸ್ತೆ, ರೈಲು, ಎಳನೀರಿನ ದೊಡ್ಡ ಮಾರುಕಟ್ಟೆ ಇವೆ. ಮಳವಳ್ಳಿಯ ಕತೆ ಬೇರೆ. ಅದೇ ತಾಲೂಕಿನ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಹೋಯಿತು. ಅದೇ ತಾಲೂಕಿನ ತೊರೆಕಾಡನಹಳ್ಳಿಯಿಂದ 1970ರ ದಶಕದಲ್ಲಿ ಕಾವೇರಿ ನೀರೂ ಬೆಂಗಳೂರಿನ ನಲ್ಲಿಗೆ ಹರಿಯಿತು. ಹೀಗೆ ಹೊರಗಿನವರಿಗೆ ಕೊಟ್ಟು ಅಭ್ಯಾಸವಿರುವ ತಾಲೂಕಿನಿಂದ ಈಗ ದತ್ತಾಂಶವೂ ಹೊರಟಿದೆ ಎಂದರೆ ಕೆಲವರಿಗೆ ಅತಿಯಾದ ಮಾತೆನಿಸಬಹುದು. ಆದರೆ 'ಮೂರು ತಾಲೂಕುಗಳಿಂದ ತಲಾ ಐವತ್ತು ಮಂದಿ' ಎಂದು ಸಮಪಾಲು ಮಾಡಿ ಒಂದೇ ಸರಾಸರಿಯಲ್ಲಿ ಕಲಸಿಬಿಡುವವರು ಈ ವ್ಯತ್ಯಾಸವನ್ನೇ ಅಳಿಸಿಹಾಕುತ್ತಾರೆ.

ವ್ಯತ್ಯಾಸವನ್ನು ಹಿಡಿದ ಸಂಶೋಧನೆ ಹೇಗಿರುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಹಿಳೆ 1954ರಿಂದ 56ರವರೆಗೆ ಇದೇ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿದ್ದು ಕೆಲಸ ಮಾಡಿದರು. ವಿಯೆನ್ನಾದ ಯಹೂದಿ ಕುಟುಂಬದವರು, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದವರು, ಮ್ಯಾಂಚೆಸ್ಟರಿನಲ್ಲಿ ಓದಿದವರು. ಹಳ್ಳಿಗಳ ನಿಜ ಹೆಸರು ಮರೆಮಾಚಿ ಒಂದಕ್ಕೆ 'ವಂಗಲ', ಇನ್ನೊಂದಕ್ಕೆ 'ದಲೇನ' ಎಂದು ಕರೆದರು. ಅವರ ಪುಸ್ತಕ 1962ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ವಂಗಲದ ಗದ್ದೆಗಳಿಗೆ ನಾಲೆ ನೀರು ಬಂತು. ದಲೇನದ ಭೂಮಿ ನಾಲೆಗಿಂತ ಎತ್ತರದಲ್ಲಿದ್ದುದರಿಂದ ಅದು ಒಣಗಿಯೇ ಉಳಿಯಿತು. ನೀರು ಬಂದ ಊರು ಬದಲಾಗುತ್ತದೆ, ಬಾರದ ಊರು ಹಾಗೇ ಇರುತ್ತದೆ ಎಂದು ನಾವೆಲ್ಲ ಊಹಿಸುತ್ತೇವೆ. ಎಪ್‌ಸ್ಟೀನ್ ಕಂಡದ್ದು ತದ್ವಿರುದ್ಧ. ನೀರು ಬಂದ ವಂಗಲದಲ್ಲಿ ದುಡ್ಡು ಬಂತು, ಆದರೆ ಬೇಸಾಯವೇ ಮುಖ್ಯವಾಗಿ ಉಳಿದುದರಿಂದ ಒಕ್ಕಲಿಗ ರೈತನಿಗೂ ಅವನ ದಲಿತ ಆಳಿಗೂ ಇದ್ದ ವಂಶಪಾರಂಪರ್ಯದ ಸಂಬಂಧ ಸಡಿಲವಾಗಲಿಲ್ಲ. ಗದ್ದೆಗೆ ಆಳು ಬೇಕಿತ್ತು, ಆದ್ದರಿಂದ ಹಳೆಯ ಕಟ್ಟು ಉಳಿಯಿತು. ನೀರು ಬಾರದ ದಲೇನದವರು ಮಂಡ್ಯದ ಕಾರ್ಖಾನೆಯಲ್ಲಿ ಕೆಲಸ ಹಿಡಿದರು, ಗಾಡಿ ಕಟ್ಟಿ ಕಬ್ಬು ಸಾಗಿಸಿದರು, ನೆರೆಯೂರಿನಲ್ಲಿ ತರಿ ಜಮೀನು ಕೊಂಡರು, ವ್ಯಾಪಾರಕ್ಕಿಳಿದರು. ಅಲ್ಲಿ ಹಳೆಯ ಕಟ್ಟುಗಳು ಸಡಿಲಗೊಂಡವು. ಹತ್ತು ಹದಿನೈದು ಕಿಲೋಮೀಟರಿನೊಳಗೆ ಎರಡು ಹಣೆಬರಹ! ಮಂಡ್ಯ ಸೀಮೆಯ ಐವತ್ತು ಐವತ್ತು ಮಂದಿಯನ್ನು ಕೂಡಿಸಿ ಭಾಗಿಸಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಎಪ್‌ಸ್ಟೀನ್ 1970ರಲ್ಲಿ ಮತ್ತೆ ಬಂದರು, 1973ರಲ್ಲಿ ಎರಡನೆಯ ಪುಸ್ತಕ ಬರೆದರು. 1998ರಲ್ಲಿ ನಲವತ್ತು ವರ್ಷಗಳ ಬದಲಾವಣೆಯ ಕತೆಯನ್ನು ಮೂರನೆಯ ಪುಸ್ತಕವಾಗಿ ತಂದರು. ಅದರ ಮುಖಪುಟದಲ್ಲಿ ಎ.ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡ ಎಂಬ ಇಬ್ಬರು ಕನ್ನಡಿಗರ ಹೆಸರೂ ಸಹಲೇಖಕರಾಗಿ ಬಂತು. ನಾವು ಅವರನ್ನು ಹೊಗಳಿ ಸುಮ್ಮನಾಗುವವರಲ್ಲ. ಮೂರೂ ಪುಸ್ತಕಗಳು ಇಂಗ್ಲಿಷಿನವು, ವಂಗಲದ ರೈತನಾಗಲಿ ಅವನ ಆಳಾಗಲಿ ಓದುವಂಥವಲ್ಲ. ಹೆಸರು ಮರೆಮಾಚಿದ್ದಕ್ಕೆ ಒಳ್ಳೆಯ ಕಾರಣವಿರಬಹುದು, ಆದರೆ ಊರಿಗೆ ತನ್ನ ಕತೆಯ ಮೇಲಿನ ಹಕ್ಕೂ ಅದರೊಂದಿಗೆ ಹೋಯಿತು. ಇಷ್ಟಾದರೂ ಒಂದು ಮಾತು ನಿಲ್ಲುತ್ತದೆ. ಅವರು ಮರಳಿ ಬಂದರು. ಮೊದಲು ಬರೆದದ್ದು ಸರಿಯೇ ಎಂದು ಅದೇ ಬೀದಿಯಲ್ಲಿ ನಿಂತು ನೋಡಿದರು. ಇಂದಿನ ಮೂರು ತಾಲೂಕುಗಳ ಪ್ರಬಂಧಕಾರರಲ್ಲಿ ಪದವಿ ಬಂದ ಮೇಲೆ ತನ್ನ ನೂರೈವತ್ತು ಮಂದಿಯನ್ನು ಮತ್ತೆ ಹುಡುಕಿಕೊಂಡು ಹೋದವರು ಎಷ್ಟು ಮಂದಿ?

ಹಾಗೆಂದು ಈ ಯುವ ಸಂಶೋಧಕರನ್ನು ಗೇಲಿ ಮಾಡುವುದು ನಮ್ಮ ಉದ್ದೇಶವಲ್ಲ. ಅವರಲ್ಲಿ ಹೆಚ್ಚಿನವರು ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದವರು. ಎಷ್ಟೋ ಜನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು. 2023ರ ಕೊನೆಯಲ್ಲಿ ಸೇವೆ ಕಾಯಂ ಮಾಡಿ ಎಂದು ರಾಜ್ಯದುದ್ದಕ್ಕೂ ತರಗತಿ ಬಿಟ್ಟು ಧರಣಿ ಕೂತವರು ಇವರೇ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರ ನಿಯಮದಲ್ಲಿ ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಿರಬೇಕೆಂದಿತು. 2010ರಲ್ಲಿ ಅಧ್ಯಾಪಕರ ನೇಮಕ, ಬಡ್ತಿಗೆ ಅಂಕಗಳ ಲೆಕ್ಕ ತಂದಿತು. ಅಂಕ ಬೇಕಾದವರಿದ್ದಲ್ಲಿ ಅಂಕ ಮಾರುವವರೂ ಹುಟ್ಟುತ್ತಾರೆ. ದುಡ್ಡು ಕಟ್ಟಿದರೆ ವಾರದೊಳಗೆ ಅಚ್ಚು ಹಾಕುವ ನಿಯತಕಾಲಿಕಗಳು ಅಣಬೆಯಂತೆ ಎದ್ದವು. 2018ರ ಮೇ ತಿಂಗಳಲ್ಲಿ ಆಯೋಗ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ನಿಯತಕಾಲಿಕಗಳನ್ನು ಕಿತ್ತುಹಾಕಿತು. ಬಳಿಕ 'ಕೇರ್' ಎಂಬ ಹೊಸ ಪಟ್ಟಿ ಮಾಡಿತು, 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟಿತು. ಪಿಎಚ್‌ಡಿಗೆ ಲೇಖನ ಕಡ್ಡಾಯವೆಂಬ ನಿಯಮ 2022ರಲ್ಲೇ ಹೋಗಿತ್ತು. ಆದರೆ ರೂಢಿ ಹೋಗಿಲ್ಲ. ಇತ್ತ 2019ರಲ್ಲಿ ಬಂದ ಮಂಡ್ಯ ವಿಶ್ವವಿದ್ಯಾಲಯವೂ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯಿಂದಲೇ ಹೊರಟಿತು. ಕಾಲ ಕೆಳಗಿನ ನೆಲ ಅಲುಗುತ್ತಿರುವಾಗ ನಲವತ್ತು ವರ್ಷದ ಅಧ್ಯಯನಕ್ಕೆ ಯಾರು ಕೈ ಹಾಕಿಯಾರು!

ನಾಲ್ಕು ಶಿಸ್ತುಗಳು ನಿಜವಾಗಿ ಕೂಡುವ ಜಾಗಗಳೂ ಈ ನೆಲದಲ್ಲಿವೆ. ಪಹಣಿಯನ್ನೇ ತೆಗೆದುಕೊಳ್ಳಿ. ಮದ್ದೂರು ತಾಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ 'ಭೂಮಿ' ಯೋಜನೆ ರಾಜ್ಯದ ಸುಮಾರು 2 ಕೋಟಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಹದಿನೈದು ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯಲ್ಲಿ ಪಹಣಿ ಕೈಗೆ ಬರುತ್ತಿತ್ತು. ಇದು ಮಾಹಿತಿ ವಿಜ್ಞಾನವೂ ಹೌದು, ತಂತ್ರಜ್ಞಾನವೂ ಹೌದು. ಪಹಣಿಯಿಲ್ಲದೆ ಬೆಳೆ ಸಾಲವಿಲ್ಲವಾದ್ದರಿಂದ ಹಣಕಾಸೂ ಹೌದು. ಅದನ್ನು ಓದಲು ಬರುವವನು, ಬಾರದವನು ಎಂಬಲ್ಲಿ ಶಿಕ್ಷಣವೂ ಬಂತು. ಲಂಚ ತಗ್ಗಿತು, ಸಮಯ ಉಳಿಯಿತು ಎಂದು ಒಂದು ಪಂಥದ ವಿದ್ವಾಂಸರು ಬರೆದರು, ವಿಶ್ವ ಬ್ಯಾಂಕ್ ಮೆಚ್ಚಿತು. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೇರೆ ಚಿತ್ರ ಕೊಟ್ಟರು. ಗ್ರಾಮ ಲೆಕ್ಕಿಗನ ಕೈಯಿಂದ ದಾಖಲೆ ತಪ್ಪಿದಾಗ ಅಧಿಕಾರ ರೈತನಿಗೆ ಬರಲಿಲ್ಲ, ಮೇಲಕ್ಕೆ ಹೋಯಿತು. ಬೆಂಗಳೂರಿನ ಸುತ್ತ ಜಮೀನು ಹುಡುಕುವ ದೊಡ್ಡ ಕುಳಗಳಿಗೆ ಅನುಕೂಲವಾಯಿತು ಎಂದರು. ಇದು ಜೀವಂತ ಜಗಳ. ನಾವು ಓದಿದ ಮಟ್ಟಿಗೆ ಎರಡು ಕಡೆಯಲ್ಲೂ ಹುರುಳಿದೆ, ಲಂಚದ ಬಗ್ಗೆ ಮೊದಲಿನವರ ಮಾತು, ಅಧಿಕಾರದ ಬಗ್ಗೆ ಎರಡನೆಯವರ ಮಾತು. ಆದರೆ ಮದ್ದೂರಿನ ರೈತ ಈ ಜಗಳದಲ್ಲಿ ಕಕ್ಷಿದಾರನಾಗಿರಲಿಲ್ಲ. ಅವನು ಸಾಲಿನಲ್ಲಿ ನಿಂತಿದ್ದ.

ಇನ್ನು ಹಣಕಾಸಿನ ಪ್ರಬಂಧಗಳ ವಿಷಯ. ಇಲ್ಲಿ ನಮಗೆ ಸ್ವಲ್ಪ ಬೇಸರ ಜಾಸ್ತಿ. ಅವುಗಳ ಮೊದಲ ಕೋಷ್ಟಕದಲ್ಲಿ 'ಧರ್ಮ' ಎಂಬ ಸಾಲಿರುತ್ತದೆ. ಹಿಂದೂ ಇಷ್ಟು, ಮುಸ್ಲಿಂ ಇಷ್ಟು, ಇತರೆ ಇಷ್ಟು. ಆಮೇಲೆ ಆ ಸಾಲು ಪ್ರಬಂಧದಲ್ಲಿ ಎಲ್ಲಿಯೂ ತಲೆ ಎತ್ತುವುದಿಲ್ಲ. ಮುಸ್ಲಿಂ ಹೆಂಗಸೊಬ್ಬಳು ಬ್ಯಾಂಕಿನಿಂದ ದೂರವಿದ್ದರೆ ಅದು ಬಡ್ಡಿಯ ಬಗೆಗಿನ ಧಾರ್ಮಿಕ ಸಂಕೋಚವೋ, ಶಾಖೆಯವರು ಅವಳ ಮೊಹಲ್ಲಾಕ್ಕೆ ಸಾಲ ಕೊಡಲೊಲ್ಲದ್ದೋ, ಬರೀ ಬಡತನವೋ? ಕೇಳಿದವರಿಲ್ಲ. ರಘುರಾಮ್ ರಾಜನ್ ಅಧ್ಯಕ್ಷತೆಯ ಸಮಿತಿ 2008ರಲ್ಲೇ ಬಡ್ಡಿರಹಿತ ಬ್ಯಾಂಕಿಂಗ್ ಪರಿಶೀಲಿಸಿ ಎಂದಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಕೈಬಿಟ್ಟಿತು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ 'ಹಲಾಲ್' ಲಾಭವೆಂದು ನಂಬಿ ಹಣ ತೊಡಗಿಸಿದ್ದ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ನಮ್ಮ ಸಣ್ಣ ಉಳಿತಾಯ ಎಲ್ಲಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂಬುದು ಪಿಎಚ್‌ಡಿಗೆ ತಕ್ಕ ಪ್ರಶ್ನೆಯಲ್ಲವೇ?

ಕಿರುಸಾಲದ ಕತೆಯೂ ಹೀಗೆಯೇ. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರದ ಕಡೆ ರೇಷ್ಮೆ ಕೆಲಸದ ಮುಸ್ಲಿಂ ಹೆಂಗಸರು ಸಾಲದಲ್ಲಿ ಸಿಕ್ಕಿಕೊಂಡಾಗ ಅಂಜುಮನ್ ಸಮಿತಿಗಳು ಮರುಪಾವತಿ ಬೇಡ ಎಂದವು. ಅದು ಸರಿಯಾದ ದಾರಿಯೇ ಎಂಬ ಬಗ್ಗೆ ನಮಗೆ ಅನುಮಾನವಿದೆ, ಏಕೆಂದರೆ ಆಮೇಲೆ ಅದೇ ಹೆಂಗಸರಿಗೆ ಹೊಸ ಸಾಲ ಹುಟ್ಟುವುದು ಕಷ್ಟವಾಯಿತು. ಆದರೆ ರಾಮನಗರದ ಪಕ್ಕವೇ ಮದ್ದೂರು. ಎಚ್ಚರಿಕೆಯ ಗಂಟೆ ಕೇಳಿಸುವಷ್ಟು ಹತ್ತಿರ. 2025ರ ಆರಂಭದಲ್ಲಿ ವಸೂಲಿಯ ಕಿರುಕುಳದ ದೂರುಗಳು ಮಂಡ್ಯ ಜಿಲ್ಲೆಯಿಂದಲೂ ಬಂದು, ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ನಡುವಿನ ಹದಿನಾರು ವರ್ಷ ಈ ಬಗೆಯ ಪ್ರಬಂಧಗಳು 'ಕಿರುಸಾಲದಿಂದ ಮಹಿಳಾ ಸಬಲೀಕರಣ' ಎಂಬ ಪ್ರಾಕ್ಕಲ್ಪನೆಯನ್ನು ಸಾಬೀತುಪಡಿಸುತ್ತಲೇ ಇದ್ದವು. ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರು ಸ್ಯಾಂಪಲ್ಲಿನಲ್ಲಿ ಸಿಗುವುದಿಲ್ಲವಲ್ಲ.

ಸಂಶೋಧನೆ ಎಂದರೆ ಪದವಿಯ ಕೆಲಸ ಮಾತ್ರ ಎಂಬ ಭ್ರಮೆಯನ್ನು ಬಿಟ್ಟರೆ ಮಳವಳ್ಳಿ ತಾಲೂಕಿನ ಕಿರುಗಾವಲಿಗೆ ಹೋಗಬೇಕು. ಅಲ್ಲಿ ಸೈಯದ್ ಗನಿ ಖಾನ್ ಎಂಬ ರೈತ ನೂರಾರು ನಾಟಿ ಭತ್ತದ ತಳಿಗಳನ್ನು, ಹಿರಿಯರಿಂದ ಬಂದ ತೋಟದಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವನ್ನು ಉಳಿಸಿಕೊಂಡಿದ್ದಾರೆ. ವಸ್ತುಸಂಗ್ರಹಾಲಯ ಶಾಸ್ತ್ರ ಓದಿದವರು. ವಸ್ತುಸಂಗ್ರಹಾಲಯದ ಕೆಲಸ ಬಿಟ್ಟು ಗದ್ದೆಯನ್ನೇ ವಸ್ತುಸಂಗ್ರಹಾಲಯ ಮಾಡಿದರು. ಅದೇ ಜಿಲ್ಲೆಯ ವಿ.ಸಿ. ಫಾರಂನಲ್ಲಿ ಕೆಆರ್‌ಎಚ್-2 ಎಂಬ ಸಂಕರಣ ಭತ್ತ ಸಿದ್ಧವಾಗಿ 1990ರ ದಶಕದಲ್ಲಿ ರೈತರ ಕೈಸೇರಿತು. ಅದೂ ನಮಗೆ ಬೇಕಾದ ವಿಜ್ಞಾನವೇ. ಎರಡರಲ್ಲೂ ಒಂದು ಸಮಾನ ಗುಣವಿದೆ. ಫಲಿತಾಂಶ ತಪ್ಪಾದರೆ ಮುಂದಿನ ಬೆಳೆಯಲ್ಲಿ ರೈತನಿಗೆ ಗೊತ್ತಾಗುತ್ತದೆ, ಅವನು ಬಂದು ಜಗಳ ತೆಗೆಯುತ್ತಾನೆ.

ಪ್ರಬಂಧಗಳಿಗೆ ಆ ಜಗಳದ ಭಯವಿಲ್ಲ. ಅವು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ 'ಶೋಧಗಂಗಾ' ಭಂಡಾರಕ್ಕೆ ಸೇರುತ್ತವೆ. ಯಾರು ಬೇಕಾದರೂ ಉಚಿತವಾಗಿ ಓದಬಹುದು, ಇದು ದೊಡ್ಡ ಉಪಕಾರವೇ. ಇಂಗ್ಲಿಷ್ ಬರಬೇಕು, ಅಷ್ಟೆ. ಮೌಖಿಕ ಪರೀಕ್ಷೆ ಮುಕ್ತವಾಗಿ ನಡೆಯಬೇಕೆಂದು ನಿಯಮವಿದೆ. ಅಧ್ಯಾಪಕರು, ಇತರ ಸಂಶೋಧಕರು ಬಂದು ಕೂರಬಹುದು. ಪ್ರಶ್ನಾವಳಿಗೆ ಉತ್ತರ ಕೊಟ್ಟವರಿಗೆ ಅಲ್ಲಿ ಕುರ್ಚಿ ಹಾಕಿದ್ದನ್ನು ನಾವು ಕಂಡಿಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಪ್ರತಿ ಪ್ರಬಂಧದ ಹತ್ತು ಪುಟದ ಕನ್ನಡ ಸಾರಾಂಶವನ್ನು, ಯಾವ ಊರಿನವರನ್ನು ಕೇಳಿ ಬರೆದರೋ ಆ ಊರಿನ ಕೇಂದ್ರದಲ್ಲಿ ಇಡಬೇಕು, ಮೌಖಿಕ ಪರೀಕ್ಷೆಗೆ ಒಂದು ತಿಂಗಳು ಮುಂಚೆ. ಅದಕ್ಕೆ ಹೊಸ ಕಾನೂನು ಬೇಡ, ಮಾರ್ಗದರ್ಶಕರು ಮನಸ್ಸು ಮಾಡಿದರೆ ಸಾಕು. ಓದಿದವರು ಪೆನ್ಸಿಲ್ಲಿನಲ್ಲಿ ಪಕ್ಕದಲ್ಲಿ ಬರೆಯಲಿ. 'ಇದು ಸುಳ್ಳು, ನಮ್ಮೂರಲ್ಲಿ ಈ ಬ್ಯಾಂಕೇ ಇಲ್ಲ' ಎಂದು ಬರೆದರೆ ಆ ಪುಟವನ್ನೂ ಪರೀಕ್ಷಕರ ಮುಂದೆ ಇಡಲಿ.