ರೋಗಿಯ ಬಾಯಲ್ಲಿ ಮದ್ದಿನ ಕಥೆ

ಲಾಲ್‌ಬಾಗಿನ ಕಲ್ಲುಬೆಂಚುಗಳ ಮೇಲೆ ಬೆಳಗಿನ ಏಳು ಗಂಟೆಗೆ ನಡೆಯುವ ಮಾತುಕತೆಯನ್ನು ಯಾರೂ ಸಾಹಿತ್ಯವೆಂದು ಕರೆಯುವುದಿಲ್ಲ. ರಕ್ತದೊತ್ತಡದ ಮಾತ್ರೆ ನುಂಗಲು ತೊಡಗಿದಂದಿನಿಂದ ಸಂಜೆಯಾದರೆ ಕಾಲು ಊದಿ ಚಪ್ಪಲಿ ಬಿಗಿಯಾಗುತ್ತದೆ ಎಂದು ಒಬ್ಬರು. ತಮ್ಮ ಮಾತ್ರೆಗೆ ಕಾಲೇನೂ ಊದಲಿಲ್ಲ, ಒಣಕೆಮ್ಮು ಹತ್ತಿ ಮನೆಯವರಿಗೆಲ್ಲ ನಿದ್ದೆಗೇಡಾಯಿತು ಎಂದು ಇನ್ನೊಬ್ಬರು. ಸಕ್ಕರೆ ಕಾಯಿಲೆಯ ಮಾತ್ರೆ ಹೊಟ್ಟೆಗೆ ಕೊಡುವ ಉಪದ್ರವವನ್ನು ಮೂರನೆಯವರು, ತುಸು ದನಿ ತಗ್ಗಿಸಿ. ಮೂವರ ಮಾತೂ ನಿಜವೇ. ಆಮ್ಲೋಡಿಪಿನ್ ಕಾಲನ್ನು ಊದಿಸುವುದೂ, ಎನಾಲಪ್ರಿಲ್ ಕೆಮ್ಮು ತರುವುದೂ, ಮೆಟ್‌ಫಾರ್ಮಿನ್ ಹೊಟ್ಟೆ ಕೆಡಿಸುವುದೂ ವೈದ್ಯಗ್ರಂಥಗಳಲ್ಲಿ ದಾಖಲಾಗಿರುವ ಸಂಗತಿಗಳು. ಆದರೆ ಗ್ರಂಥದಲ್ಲಿ ಚಪ್ಪಲಿಯಿಲ್ಲ, ಮನೆಯವರ ನಿದ್ದೆಯಿಲ್ಲ, ತಗ್ಗಿದ ದನಿಯಿಲ್ಲ. ನಮ್ಮ ಅಜ್ಜಿಯಂದಿರು ‘ಇಂಗ್ಲಿಷ್ ಔಷಧ ಉಷ್ಣ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ ವಿಮರ್ಶೆ ಈಗ ಮಾತ್ರೆಮಾತ್ರೆಗೂ ಬೇರೆಯಾಗಿ ಬೆಳೆದಿದೆ.

ಇಂಥ ಮಾತು ಬೆಂಚಿನಿಂದೆದ್ದು ಪುಸ್ತಕವಾದರೆ ಅದರ ಗುಣವೇನು, ಅದಕ್ಕಿರುವ ಪ್ರಾಮಾಣ್ಯವೆಷ್ಟು ಎಂಬ ಪ್ರಶ್ನೆ ಕೆಲವು ದಿನಗಳಿಂದ ನನ್ನನ್ನು ಕಾಡುತ್ತಿದೆ. ಇಂಗ್ಲಿಷಿನಲ್ಲಿ ಈ ಬಗೆಯ ಬರಹ ಒಂದು ಪ್ರಕಾರವಾಗಿಯೇ ನಿಂತಿದೆ. ಅದರಲ್ಲಿ ಹೆಸರಾದ ಮೂರು ಪುಸ್ತಕಗಳನ್ನು ಒಂದರ ಮೇಲೊಂದು ಓದಿದಾಗ ತೋರಿದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಆಲಿವರ್ ಸ್ಯಾಕ್ಸ್ ಅವರ ‘ಅವೇಕನಿಂಗ್ಸ್’, 1973ರದು. ಮೊದಲ ಮಹಾಯುದ್ಧದ ಹೊತ್ತಿಗೆ ಕಾಣಿಸಿಕೊಂಡು 1920ರ ದಶಕದಲ್ಲಿ ಲೋಕವನ್ನೆಲ್ಲ ಸುತ್ತಿದ ನಿದ್ರಾಜ್ವರದಿಂದ ಬದುಕಿ ಉಳಿದೂ ಕಲ್ಲಿನಂತಾಗಿದ್ದವರು ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ಆಸ್ಪತ್ರೆಯಲ್ಲಿದ್ದರು. 1969ರಲ್ಲಿ ಅವರಿಗೆ ಎಲ್-ಡೋಪಾ ಎಂಬ ಹೊಸ ಔಷಧ ಕೊಟ್ಟಾಗ ಅಹಲ್ಯೆಯಂತೆ ಎದ್ದು ಕುಳಿತರು, ನಡೆದರು, ಮಾತನಾಡಿದರು. ಅಹಲ್ಯೆಯ ಕಥೆ ಅಲ್ಲಿಗೆ ಮುಗಿಯುತ್ತದೆ, ಇವರದು ಮುಗಿಯಲಿಲ್ಲ. ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಸೆಳೆತ, ಉದ್ವೇಗ, ಭ್ರಮೆ ಒಂದೊಂದಾಗಿ ತಲೆಹಾಕಿದವು. ಸ್ಯಾಕ್ಸ್ ಬಹಳ ಸಹೃದಯರು, ಬರವಣಿಗೆಯಲ್ಲಿ ನುರಿತವರು. ಆದರೂ ಅವರು ವೈದ್ಯರು. ರೋಗಿಯ ದನಿ ನಮಗೆ ಅವರ ದನಿಯ ಮೂಲಕವೇ ಬರಬೇಕು. ಲಿಯೊನಾರ್ಡ್ ಎಂದು ಅವರು ಹೆಸರಿಟ್ಟು ಕರೆದ ರೋಗಿ, ಮದ್ದು ಹತ್ತಿ ಕೈ ಆಡುವಂತಾದ ಕೆಲವೇ ವಾರಗಳಲ್ಲಿ, ಐವತ್ತು ಸಾವಿರ ಪದಗಳ ಆತ್ಮಕಥೆಯನ್ನು ಟೈಪು ಮಾಡಿದರೆಂದು ಓದಿದಾಗ, ಸ್ಯಾಕ್ಸ್ ಅವರ ಪುಸ್ತಕವನ್ನು ಕೆಳಗಿಟ್ಟು ಅದನ್ನೇ ಓದಬಾರದೇಕೆ ಎನ್ನಿಸಿತು.

ಇಲ್ಲಿ ಒಂದು ಶಬ್ದದ ವಿಚಾರ ಹೇಳಬೇಕು. ‘ಪಾರ್ಶ್ವಪರಿಣಾಮ’ ಎಂದು ಪಂಡಿತರು ಮಾಡಿದ ಅನುವಾದ ಜನರ ನಾಲಗೆಗೆ ಹತ್ತಲಿಲ್ಲ. ‘ಅಡ್ಡ ಪರಿಣಾಮ’ ಹತ್ತಿತು. ಇದು ಜನರ ವಿವೇಕವೆಂದೇ ನನ್ನ ಭಾವನೆ. ‘ಪಾರ್ಶ್ವ’ ಎಂದರೆ ಮಗ್ಗುಲಲ್ಲಿ ಸುಮ್ಮನೆ ಇರುವುದು. ‘ಅಡ್ಡ’ ಎಂದರೆ ದಾರಿಗೆ ಅಡ್ಡಬರುವುದು, ಅಡ್ಡಗಾಲು ಹಾಕುವುದು. ಮದ್ದು ಮಾಡುವ ಕೆಲಸದಲ್ಲಿ ನಡುವಿನದು ಯಾವುದು, ಮಗ್ಗುಲಿನದು ಯಾವುದು ಎಂದು ವಿಂಗಡಿಸುವವರು ಮದ್ದು ಕೊಡುವವರು. ನುಂಗಿದ ಮೈಗೆ ಅಂಥ ವಿಂಗಡಣೆ ತಿಳಿಯದು. ಅದಕ್ಕೆ ಎಲ್ಲವೂ ಪರಿಣಾಮವೇ.

ಎರಡನೆಯ ಪುಸ್ತಕ ಅಮೆರಿಕದ ಕಾದಂಬರಿಕಾರ ವಿಲಿಯಂ ಸ್ಟೈರನ್ ಅವರ ‘ಡಾರ್ಕ್‌ನೆಸ್ ವಿಸಿಬಲ್’. ಹೆಸರು ಮಿಲ್ಟನ್‌ನಿಂದ ತಂದದ್ದು. 1989ರಲ್ಲಿ ಮಾಡಿದ ಒಂದು ಉಪನ್ಯಾಸ ಬೆಳೆದು 1990ರಲ್ಲಿ ಚಿಕ್ಕ ಪುಸ್ತಕವಾಯಿತು. 1985ರಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ಪ್ರಶಸ್ತಿ ಸ್ವೀಕರಿಸಲು ಪ್ಯಾರಿಸಿಗೆ ಹೋದ ದೊಡ್ಡ ಲೇಖಕ ಖಿನ್ನತೆಯ ಬಾವಿಗೆ ಬಿದ್ದ ಕಥೆ ಇದು. ವಿಮರ್ಶಕರು ಇದರ ಪ್ರತಿಮೆಗಳನ್ನು, ಚಂಡಮಾರುತವನ್ನು, ಕತ್ತಲನ್ನು ಬಹಳವಾಗಿ ಹೊಗಳಿದ್ದಾರೆ. ನನಗೆ ಮೆಚ್ಚುಗೆಯಾದುದು ಬೇರೆಯ ಜಾಗ. ಖಿನ್ನತೆಗೆಂದು ಕೊಟ್ಟ ಲುಡಿಯೊಮಿಲ್ ಎಂಬ ಮಾತ್ರೆ ತಮ್ಮನ್ನು ಚಡಪಡಿಸುವಂತೆ ಮಾಡಿತು, ಪ್ರಮಾಣ ಏರಿಸಿದಾಗ ಒಂದು ರಾತ್ರಿ ಗಂಟೆಗಟ್ಟಲೆ ಮೂತ್ರ ಕಟ್ಟಿತು ಎಂದು ಸ್ಟೈರನ್ ಹೇಳಿಬಿಡುತ್ತಾರೆ. ಅಲಂಕಾರವಿಲ್ಲ, ಮಿಲ್ಟನ್ ಇಲ್ಲ. ಕತ್ತಲನ್ನು ಕುರಿತು ಯಾವ ಕವಿಯಾದರೂ ಬರೆಯಬಹುದು. ಆ ರಾತ್ರಿಯನ್ನು ಬರೆಯಲು ಆ ಮಾತ್ರೆ ನುಂಗಿದವನೇ ಬೇಕು. ಬೆಂಚಿನ ಮೇಲೆ ದನಿ ತಗ್ಗಿಸಿದ ಮೂರನೆಯವರನ್ನು ನೆನೆಯಿರಿ.

ಆದರೆ ಸ್ಟೈರನ್ ಇನ್ನೊಂದು ಮಾತು ಹೇಳುತ್ತಾರೆ. ನಿದ್ದೆಗೆಂದು ತಾವು ರೂಢಿಗಿಂತ ಹೆಚ್ಚು ಪ್ರಮಾಣದಲ್ಲಿ ನುಂಗುತ್ತಿದ್ದ ಹಾಲ್ಸಿಯನ್ ಮಾತ್ರೆಯೇ ತಮ್ಮನ್ನು ಆತ್ಮಹತ್ಯೆಯ ಅಂಚಿಗೆ ನೂಕಿರಬೇಕು ಎಂಬುದು ಅವರ ಗುಮಾನಿ. ಇಲ್ಲಿ ನಮ್ಮ ನೈಯಾಯಿಕರು ಇದ್ದಿದ್ದರೆ ಕೈ ಅಡ್ಡ ಹಿಡಿಯುತ್ತಿದ್ದರು. ಮೂತ್ರ ಕಟ್ಟಿದ್ದು ಪ್ರತ್ಯಕ್ಷ. ಈ ಮಾತ್ರೆಯಿಂದಲೇ ಸಾಯುವ ಯೋಚನೆ ಬಂದಿತೆನ್ನುವುದು ಅನುಮಾನಪ್ರಮಾಣ. ಹೊಗೆಯನ್ನು ಕಂಡದ್ದು ನಿಜ; ಆದರೆ ಆ ಮನೆಯಲ್ಲಿ ಬೆಂಕಿ ಒಂದೆರಡು ಕಡೆಯಲ್ಲ. ಕಾಯಿಲೆಯೇ ಅಂಥದ್ದು. ಹಲವು ದಶಕಗಳ ಕುಡಿತವೂ ಆ ವರ್ಷವೇ ಏಕಾಏಕಿ ನಿಂತಿತ್ತು. ಹಾಗೆಂದು ಅವರ ಗುಮಾನಿಯನ್ನು ತಳ್ಳಿಹಾಕುವಂತೆಯೂ ಇಲ್ಲ: 1991ರಲ್ಲಿ ಬ್ರಿಟನ್ ಈ ಮಾತ್ರೆಯನ್ನು ಮಾರುಕಟ್ಟೆಯಿಂದ ತೆಗೆದುಹಾಕಿತು, ಅಮೆರಿಕದಲ್ಲಿ ಎಚ್ಚರಿಕೆಗಳೊಡನೆ ಅದು ಉಳಿಯಿತು. ಎರಡು ಸರಕಾರಗಳೇ ಒಂದು ತೀರ್ಮಾನಕ್ಕೆ ಬಾರದ ಕಡೆ ಒಬ್ಬ ರೋಗಿ ಖಚಿತವಾಗಿ ಹೇಳಬೇಕೆಂದು ನಾವು ಕೇಳಬಾರದು. ಕೇಳಬೇಕಾದುದು ಇಷ್ಟೇ: ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ಇಡಿರಿ. ಸ್ಟೈರನ್ ಅವರ ಗದ್ಯದ ಓಟದಲ್ಲಿ ಇವೆರಡೂ ಒಮ್ಮೊಮ್ಮೆ ಕಲಸಿಹೋಗುತ್ತವೆ.

ಈ ವಿವೇಕವನ್ನು ಕಾಯ್ದುಕೊಂಡ ಪುಸ್ತಕ ಮೂರನೆಯದು, ಕೇ ರೆಡ್‌ಫೀಲ್ಡ್ ಜೇಮಿಸನ್ ಅವರ ‘ಆ್ಯನ್ ಅನ್‌ಕ್ವಯೆಟ್ ಮೈಂಡ್’ (1995). ಲೇಖಕಿ ಮನೋವಿಜ್ಞಾನಿ, ಉನ್ಮಾದ-ಖಿನ್ನತೆಯ ಕಾಯಿಲೆಯನ್ನು ಕುರಿತು ಗೂಡ್ವಿನ್ ಅವರೊಡನೆ 1990ರಲ್ಲಿ ಬೃಹದ್ಗ್ರಂಥವನ್ನು ಬರೆದವರು. ಐದು ವರ್ಷದ ಮೇಲೆ ಬಂದ ಈ ಪುಸ್ತಕದಲ್ಲಿ ಆ ಕಾಯಿಲೆ ತಮಗೇ ಇದೆಯೆಂದು ಹೇಳಿಕೊಂಡರು. ವೃತ್ತಿಗೇ ಸಂಚಕಾರ ಬರಬಹುದಾದ ಮಾತು ಅದು.

ಅವರ ಮದ್ದು ಲಿಥಿಯಂ. ಒಂದು ಬಗೆಯ ಉಪ್ಪು, ಅಷ್ಟೆ. ಉನ್ಮಾದಕ್ಕೆ ಇದು ಒಗ್ಗುತ್ತದೆಂದು ಆಸ್ಟ್ರೇಲಿಯದ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದರು. ಗುಣಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ಬಹಳ ಕಡಿಮೆಯಾದುದರಿಂದ ಆಗಾಗ ರಕ್ತ ಪರೀಕ್ಷಿಸುತ್ತಲೇ ಇರಬೇಕು. ಜೇಮಿಸನ್ ಅವರಿಗೆ ಮೊದಲ ವರ್ಷಗಳಲ್ಲಿ ಪ್ರಮಾಣ ಹೆಚ್ಚಾಗಿಯೇ ಇತ್ತು. ಕೈನಡುಕ, ವಾಂತಿ, ಓಲಾಡುವ ನಡಿಗೆ ಇವನ್ನೆಲ್ಲ ಅವರು ಬರೆಯುತ್ತಾರೆ. ಅವು ಯಾವ ಪಟ್ಟಿಯಲ್ಲಾದರೂ ಸಿಕ್ಕುವಂಥವು. ಪಟ್ಟಿಯಲ್ಲಿ ಸುಲಭವಾಗಿ ಸಿಕ್ಕದ್ದು ಒಂದಿದೆ: ಹತ್ತು ವರ್ಷಕ್ಕೂ ಮಿಕ್ಕಿ ಅವರಿಗೆ ಗಟ್ಟಿಯಾದ ಪುಸ್ತಕವೊಂದನ್ನು ಮೊದಲಿಂದ ಕೊನೆಯವರೆಗೆ ಓದಲಾಗಲಿಲ್ಲ. ಓದಿದ ಸಾಲನ್ನೇ ಮತ್ತೆ ಮತ್ತೆ ಓದಬೇಕು. ಟಿಪ್ಪಣಿ ಬರೆದುಕೊಳ್ಳದಿದ್ದರೆ ನಿಲ್ಲದು. ದಪ್ಪಕ್ಷರದ, ಚಿಕ್ಕದಾದ ಮಕ್ಕಳ ಪುಸ್ತಕಗಳಿಗೆ ಮೊರೆಹೋದರಂತೆ. ಓದುವುದೇ ಉಸಿರಾಗಿದ್ದ, ಓದಿನಿಂದಲೇ ಅನ್ನ ಸಂಪಾದಿಸುತ್ತಿದ್ದ ಹೆಂಗಸು!

ಈ ಪುಟಗಳನ್ನು ಓದುತ್ತ ನಾನು ಒಂದು ಲೆಕ್ಕ ಹಾಕಿದೆ. ವಾರಕ್ಕೊಂದು ಪುಸ್ತಕದಂತೆ ಹತ್ತು ವರ್ಷಕ್ಕೆ ಐನೂರಿಪ್ಪತ್ತು. ಅಷ್ಟನ್ನು ಕಳೆದುಕೊಂಡು ಜೀವ ಉಳಿಸಿಕೊಳ್ಳುವಿರಾ ಎಂದು ಈ ಪುರವಣಿಯ ವಾಚಕರನ್ನು ಕೇಳಿದರೆ ಕೂಡಲೇ ‘ಹೌದು’ ಎನ್ನುವರೆಂದು ನನಗೆ ನಂಬಿಕೆಯಿಲ್ಲ. ಜೇಮಿಸನ್ ಕೂಡ ಎನ್ನಲಿಲ್ಲ. ಮದ್ದು ಬಿಟ್ಟರು, ಮತ್ತೆ ಹಿಡಿದರು, ಮತ್ತೆ ಬಿಟ್ಟರು. ಬಿಟ್ಟದ್ದಕ್ಕೆ ಓದು ಹೋದುದೊಂದೇ ಕಾರಣವಲ್ಲ, ಉನ್ಮಾದದ ಏರುಗಳು ಎಷ್ಟು ಸೊಗಸಾಗಿದ್ದವೆಂದರೆ ಅವನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ ಎಂದೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಬಿಟ್ಟದ್ದರ ಫಲ ಭೀಕರವಾಯಿತು. ಒಮ್ಮೆ ಸಾಯಬೇಕೆಂದು ಅದೇ ಲಿಥಿಯಂ ಅನ್ನೇ ಮಿತಿಮೀರಿ ನುಂಗಿದರು. ಬದುಕಿದರು. ಮುಂದೆ ವೈದ್ಯರು ಪ್ರಮಾಣ ತಗ್ಗಿಸಿದ ಮೇಲೆ ಓದು ಮರಳಿತು.

ಪುಸ್ತಕದ ಬಲವಿರುವುದು ಈ ಕ್ರಮದಲ್ಲಿ. ಮದ್ದು ಓದನ್ನು ಕಿತ್ತುಕೊಂಡಿತೆಂದು ಅವರು ಮದ್ದನ್ನು ಶಪಿಸುವುದಿಲ್ಲ. ಜೀವ ಉಳಿಸಿತೆಂದು ಕಿತ್ತುಕೊಂಡುದನ್ನು ಮರೆಮಾಡುವುದೂ ಇಲ್ಲ. ಲೆಕ್ಕದ ಎರಡೂ ಕಡೆಯನ್ನು ಒಂದೇ ಮಸಿಯಲ್ಲಿ ಬರೆಯುತ್ತಾರೆ. ಅರ್ಧ ಪುಸ್ತಕ ಓದಿ ಮುಚ್ಚಿಟ್ಟವರು ತಮ್ಮ ಮಾತ್ರೆಯ ಡಬ್ಬಿಯನ್ನು ಕಿಟಕಿಯಾಚೆ ಎಸೆದಾರು ಎಂಬ ಅಂಜಿಕೆ ನನಗೆ ಆಗದೆ ಇರಲಿಲ್ಲ. ಇಂಥ ಬರಹದ ಅಪಾಯವೇ ಅದು. ಪೂರ್ತಿ ಓದಿದವರು ಎಸೆಯಲಾರರು. ‘ಈ ಔಷಧ, ಪ್ರೀತಿ’ ಎಂಬ ಅರ್ಥದ ತಲೆಬರಹ ಹೊತ್ತ ಮೂರನೆಯ ಭಾಗ ಮಾತ್ರ ನನಗೆ ಸಡಿಲವಾಗಿ ಕಂಡಿತು. ಲಿಥಿಯಂ ವಿಷಯದಲ್ಲಿ ಗುಂಜಿತೂಕದ ಲೆಕ್ಕ ಕೊಟ್ಟವರು ಈ ಔಷಧಕ್ಕೆ ಮಾತ್ರ ಪ್ರಮಾಣವನ್ನೂ ಹೇಳುವುದಿಲ್ಲ, ಅಡ್ಡ ಪರಿಣಾಮವನ್ನೂ ಹೇಳುವುದಿಲ್ಲ.

ಒಬ್ಬರ ಅನುಭವಕ್ಕೆ ಶಾಸ್ತ್ರದಲ್ಲಿ ಬೆಲೆಯೇನು ಎನ್ನುವವರು ಉಂಟು. 1957ರಿಂದ ಪಶ್ಚಿಮ ಜರ್ಮನಿಯಲ್ಲಿ ಮಾರಾಟವಾದ ಥ್ಯಾಲಿಡೊಮೈಡ್ 1961ರ ನವೆಂಬರಿನಲ್ಲಿ ನಿಂತದ್ದು, ವಿಡುಕಿಂಡ್ ಲೆಂಟ್ಸ್ ಎಂಬ ವೈದ್ಯರು ಊನಾಂಗದ ಮಕ್ಕಳ ತಾಯಂದಿರನ್ನು, ಬಸಿರಿನಲ್ಲಿ ಏನೇನು ನುಂಗಿದ್ದಿರಿ ಎಂದು ಕೇಳಿದ್ದರಿಂದ. ಅಷ್ಟರಲ್ಲಿ ಸಾವಿರಾರು ಮಕ್ಕಳು ಹುಟ್ಟಿಯಾಗಿತ್ತು. ಆ ದುರಂತದ ತರುವಾಯ 1964ರಲ್ಲಿ ಬ್ರಿಟನ್ ‘ಹಳದಿ ಕಾರ್ಡು’ ಏರ್ಪಡಿಸಿತು. ಆ ಕಾರ್ಡನ್ನು ರೋಗಿಯೇ ನೇರವಾಗಿ ತುಂಬಬಹುದೆಂದು ಎಲ್ಲೆಡೆ ಒಪ್ಪಿದ್ದು 2005ರಲ್ಲಿ. ನಮ್ಮ ದೇಶದಲ್ಲಿ ಔಷಧಗಳ ಮೇಲೆ ಕಣ್ಣಿಡುವ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ಔಷಧ ಬಳಸಿದವರೇ ತುಂಬಿ ಕಳಿಸುವ ನಮೂನೆಯೂ ಉಂಟು.

ನಮೂನೆ ಒಳ್ಳೆಯದೇ. ಆದರೆ ನಮೂನೆಯ ಚೌಕದೊಳಗೆ ಕೂರದ್ದನ್ನು ಕನ್ನಡದಲ್ಲಿ ಓದಬೇಕೆಂದು ನನ್ನ ಆಸೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮೂತ್ರವನ್ನು ಕಿತ್ತಳೆ ಕೆಂಪಾಗಿಸುತ್ತದೆ. ಅದರಿಂದ ಅಪಾಯವೇನೂ ಇಲ್ಲ. ಆದರೆ ಯಾರೂ ಮೊದಲೇ ಹೇಳಿರದಿದ್ದರೆ, ಮೊದಲ ಬೆಳಿಗ್ಗೆ ಅದನ್ನು ಕಂಡವರಿಗೆ ರಕ್ತವೆಂದೇ ತೋರುತ್ತದೆ. ಮಾತ್ರೆ ಅಲ್ಲಿಗೇ ನಿಂತರೂ ನಿಂತೀತು. ಹಾಗೆ ನಡುವೆ ಬಿಟ್ಟರೆ ಕಾಯಿಲೆ ಮರುಕಳಿಸುವುದಲ್ಲದೆ ಮದ್ದಿಗೂ ಬಗ್ಗದಂತಾಗಬಹುದು. ಆರು ತಿಂಗಳ ಆ ಮಾತ್ರೆಗಳನ್ನು ನುಂಗಿ ಮುಗಿಸಿದವರು ನಮ್ಮಲ್ಲಿ ಲಕ್ಷಗಟ್ಟಲೆ ಇದ್ದಾರೆ. ಆ ಬೆಳಗ್ಗೆ ಅವರು ಮನೆಯಲ್ಲಿ ಯಾರನ್ನು ಕರೆದರು, ಕರೆಯಲು ಯಾರಿದ್ದರು, ಮರುದಿನ ಮತ್ತೆ ಆ ಮಾತ್ರೆಯನ್ನು ಹೇಗೆ ಬಾಯಿಗೆ ಹಾಕಿಕೊಂಡರು?